ಕಾಯಿ ಹಣ್ಣಾಗುವ ಬಗೆ: ಆಟದ ಕೊನೆಯ ಘಟ್ಟವನ್ನು ಕುರಿತು ಒಂದು ವಿಚಾರ

ಪೀಠಿಕೆ

ಧನಂಜಯನ ದಶರೂಪಕವು ಕಥಾವಸ್ತುವಿನ ಬೆಳವಣಿಗೆಯನ್ನು ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ ಎಂಬ ಐದು ಅವಸ್ಥೆಗಳಾಗಿ ವಿಂಗಡಿಸಿದೆ. ನಾಯಕನು ಬಯಸಿದ ಫಲವು ಕೈಗೂಡಿದ ಮೇಲೆ ಭರತವಾಕ್ಯವನ್ನು ನುಡಿದು ನಾಟಕವನ್ನು ಮುಗಿಸುವುದು ವಾಡಿಕೆ. ಫಲಾಗಮದ ಆಚೆಗೆ ಏನಿದೆ ಎಂಬ ಪ್ರಶ್ನೆಯನ್ನು ನಾಟಕಕಾರನು ಎತ್ತುವುದಿಲ್ಲ. ಬಹುಕಾಲದಿಂದ ಈ ಪಾಠವನ್ನು ಹೇಳುತ್ತ ಬಂದ ನನಗೂ ಆ ಪ್ರಶ್ನೆ ಹೊಳೆದಿರಲಿಲ್ಲ.

ಅದನ್ನು ಹೊಳೆಯಿಸಿದವನು ನನ್ನ ಹಳೆಯ ವಿದ್ಯಾರ್ಥಿಗಳಲ್ಲೊಬ್ಬನು. ರಾಣೇಬೆನ್ನೂರಿನವನಾದ ಆತನು ಈಗ ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗದಲ್ಲಿದ್ದಾನೆ. ದೀಪಾವಳಿಯ ಬಿಡುವಿನಲ್ಲಿ ನನ್ನನ್ನು ಕಾಣಲು ಬಂದವನು ಮಾತಿನ ನಡುವೆ, “ಗುರುಗಳೇ, ನಾವು ಆಡೋ ಆಟದಾಗ ಕಥಿ ಮುಗಿದ ಮ್ಯಾಲನ ಖರೇ ಆಟ ಸುರು ಆಗತೈತ್ರಿ” ಎಂದನು. ಹತ್ತನೆಯ ತರಗತಿಯಲ್ಲಿ ಕನ್ನಡಕ್ಕೆ ಮೊದಲಿಗನಾಗಿ ಬಂದಿದ್ದ ಆತನನ್ನು, ಈಗ ಏನು ಓದುತ್ತಿರುವೆಯೆಂದು ಕೇಳಿದೆನು. ಶಾಲೆಯನ್ನು ಬಿಟ್ಟ ಮೇಲೆ ಒಂದು ಕನ್ನಡ ಪುಸ್ತಕವನ್ನೂ ಪೂರ್ತಿಯಾಗಿ ಓದಿಲ್ಲವೆಂದು ತಲೆ ತಗ್ಗಿಸಿ ಒಪ್ಪಿಕೊಂಡನು. ಪರೀಕ್ಷೆಯೆಂಬ ಫಲಾಗಮವಾದೊಡನೆ ಪುಸ್ತಕವನ್ನು ಮುಚ್ಚಿದವನು, ಆಟದ ಫಲಾಗಮವಾದ ಮೇಲೂ ನೂರಾರು ಗಂಟೆ ಆ ಆಟವನ್ನೇ ಆಡುತ್ತಾನೆ! ಅವನನ್ನು ಅಲ್ಲಿ ಹಿಡಿದು ನಿಲ್ಲಿಸಿದ ಶಕ್ತಿ ಯಾವುದೆಂಬುದನ್ನು ಅರಿಯುವುದು ಶಿಕ್ಷಕನ ಕರ್ತವ್ಯವೆಂದು ನನಗೆ ತೋರಿತು. ಈ ಲೇಖನವು ಆ ಜಿಜ್ಞಾಸೆಯ ಫಲ.

ವಿಷಯನಿರೂಪಣೆ

ಆತನು ಹೇಳಿದ ಆಟಗಳ ಜಾತಿ ಹೀಗಿದೆ. ಆಟಗಾರನು ಪರದೆಯ ಮೇಲೆ ಒಬ್ಬ ವೀರನ ಪಾತ್ರವನ್ನು ವಹಿಸುತ್ತಾನೆ. ರಾಕ್ಷಸರನ್ನು ಕೊಂದಂತೆಲ್ಲ ವೀರನ ಸಾಮರ್ಥ್ಯದ ಮೆಟ್ಟಿಲು ಏರುತ್ತದೆ. ಆಯುಧ, ಕವಚ, ಉಂಗುರಗಳು ದೊರೆಯುತ್ತವೆ. ಕೊನೆಯ ರಾಕ್ಷಸನು ಬಿದ್ದಾಗ ಕಥೆ ಮುಗಿಯುತ್ತದೆ. ಆದರೆ ಆಟ ಮುಗಿಯುವುದಿಲ್ಲ. 2000ದಲ್ಲಿ ಹೊರಬಂದ ‘ಡಯಾಬ್ಲೊ’ದ ಎರಡನೆಯ ಭಾಗದಲ್ಲಿ ಅದೇ ಕಥೆಯನ್ನು ಮೂರು ಹಂತಗಳಲ್ಲಿ, ಪ್ರತಿಸಲವೂ ಹೆಚ್ಚು ಬಲಿಷ್ಠರಾದ ವೈರಿಗಳೊಡನೆ ಆಡಬೇಕು. ವೀರನು ಏರಬಹುದಾದ ಮೆಟ್ಟಿಲುಗಳು 99. ಕಥೆಯು ಮುಗಿಯುವಾಗ ಅವನು ಸಾಮಾನ್ಯವಾಗಿ ಕೊನೆಯ ಮೆಟ್ಟಿಲನ್ನು ಇನ್ನೂ ಮುಟ್ಟಿರುವುದಿಲ್ಲ.

ಇದು ಹೊಸದೆಂದು ನಾವು ಬೆರಗಾಗಬೇಕಾಗಿಲ್ಲ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ಕಟ್ಟೆಗಳ ಮೇಲೆ ಸೀಮೆಸುಣ್ಣದಿಂದ ಮನೆ ಬರೆದು ಆಡುವ ಚೌಕಾಬಾರವನ್ನು ನೆನೆಯೋಣ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ 1, ಹೀಗೆ ಒಟ್ಟು 25 ಮನೆಗಳು, ಒಬ್ಬೊಬ್ಬರಿಗೆ ನಾಲ್ಕು ಕಾಯಿಗಳು, ನಾಲ್ಕು ಕವಡೆಗಳು. ಕಾಯಿಯು ಹೊರಸುತ್ತನ್ನು ಮುಗಿಸಿದ ಮಾತ್ರಕ್ಕೆ ಒಳಸುತ್ತಿನ ಬಾಗಿಲು ತೆರೆಯುವುದಿಲ್ಲ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿದಿರಬೇಕೆಂಬ ನಿಯಮವು ಅನೇಕ ಮನೆಗಳಲ್ಲಿ ರೂಢಿಯಲ್ಲಿದೆ. ನಡುಮನೆಯನ್ನು ಸೇರಿದ ಕಾಯಿಯನ್ನು ನಮ್ಮ ಜನರು ‘ಹಣ್ಣಾಯಿತು’ ಎನ್ನುತ್ತಾರೆ. ಎಂತಹ ಅರ್ಥಪೂರ್ಣವಾದ ಮಾತು! ಸುತ್ತನ್ನು ಮುಗಿಸುವುದು ಬೇರೆ, ಮಾಗುವುದು ಬೇರೆ ಎಂಬ ವಿವೇಕವು ಆ ಒಂದು ಪದದಲ್ಲಿದೆ.

ತೃಪ್ತಿಯ ಲಕ್ಷಣಗಳು

ಕೊನೆಯ ಘಟ್ಟವು ತೃಪ್ತಿಕರವಾಗಲು ನಾಲ್ಕು ಲಕ್ಷಣಗಳಿರಬೇಕೆಂದು ನನ್ನ ಅಭಿಪ್ರಾಯ.

ಮೊದಲನೆಯದು, ಬೆಳವಣಿಗೆಯು ಅನುಭವಕ್ಕೆ ಬರುವುದು. ವೀರನ ಬಲವು ಹೆಚ್ಚಿದಂತೆ ವೈರಿಯ ಬಲವೂ ಅಷ್ಟೇ ಹೆಚ್ಚಿದರೆ ಆಟಗಾರನಿಗೆ ತಾನು ಬೆಳೆದೆನೆಂದು ತಿಳಿಯುವ ಬಗೆಯೇ ಇಲ್ಲ. ವೈರಿಯು ಎಂದಿನಂತೆಯೇ ಉಳಿದರೆ ಬೇಸರವು ತಪ್ಪದು. ಆದುದರಿಂದ ಹಿಂದೆ ಕಾಡಿದ ಎಡೆಯನ್ನು ಈಗ ಸುಲಭವಾಗಿ ದಾಟಬಲ್ಲೆನೆಂಬ ಅರಿವು, ಮುಂದೆ ದಾಟಲಾರದ ಎಡೆಯೊಂದು ಇದೆಯೆಂಬ ಎಚ್ಚರ, ಇವೆರಡೂ ಒಟ್ಟಿಗೆ ಇರಬೇಕು. ಹಳಗನ್ನಡವನ್ನು ಕಲಿಯುವ ವಿದ್ಯಾರ್ಥಿಗೂ ಇದೇ ಅನುಭವವಾಗುತ್ತದೆ. ಮೊದಲ ವರ್ಷ ಕಬ್ಬಿಣದ ಕಡಲೆಯೆನಿಸಿದ ಪದ್ಯವು ಮೂರನೆಯ ವರ್ಷ ತಾನಾಗಿ ಬಿಡಿಸಿಕೊಂಡಾಗ ಆಗುವ ಸಂತೋಷವನ್ನು ಯಾವ ಅಂಕಪಟ್ಟಿಯೂ ಕೊಡಲಾರದು.

ಎರಡನೆಯದು, ಆಯ್ಕೆ. 2013ರಲ್ಲಿ ನ್ಯೂಜಿಲೆಂಡಿನ ಸಂಸ್ಥೆಯೊಂದು ಹೊರತಂದ ‘ಪಾತ್ ಆಫ್ ಎಕ್ಸೈಲ್’ ಎಂಬ ಆಟದಲ್ಲಿ ಕಥೆ ಮುಗಿದ ಮೇಲೆ ವೀರನಿಗೆ ನಕ್ಷೆಗಳು ದೊರೆಯುತ್ತವೆ. ಒಂದೊಂದು ನಕ್ಷೆಯೂ ಒಂದೊಂದು ರಣಭೂಮಿಯ ಬಾಗಿಲು. ಆಟಗಾರನು ತಾನೇ ಮನಸ್ಸು ಮಾಡಿ ಆ ನಕ್ಷೆಯನ್ನು ಇನ್ನಷ್ಟು ಕಠಿನವಾಗಿಸಿಕೊಳ್ಳಬಹುದು. ಕಾಠಿನ್ಯವು ಹೆಚ್ಚಿದಂತೆ ಪ್ರತಿಫಲವೂ ಹೆಚ್ಚುತ್ತದೆ. ಆ ಘಟ್ಟದಲ್ಲಿ ಸತ್ತರೆ ಗಳಿಸಿದ ಅನುಭವದಲ್ಲಿ ಒಂದು ಪಾಲು ನಷ್ಟವಾಗುತ್ತದೆ. ಕಷ್ಟವನ್ನು ಪರರು ಹೇರಿದರೆ ಅದು ಹೊರೆ. ತಾನೇ ಅಳೆದು ಹೊತ್ತುಕೊಂಡರೆ ವ್ರತ.

ಮೂರನೆಯದು, ದೈವ ಮತ್ತು ಪುರುಷಪ್ರಯತ್ನಗಳ ಹದವಾದ ಬೆರಕೆ. ಇದಕ್ಕೆ ಚೌಕಾಬಾರವೇ ಉತ್ತಮ ನಿದರ್ಶನ. ಕವಡೆಯು ಎರಡೂ ಮಗ್ಗುಲಿಗೆ ಸಮವಾಗಿ ಬೀಳುವುದೆಂದು ಭಾವಿಸಿದರೆ, ನಾಲ್ಕು ಕವಡೆಗಳು ಬೀಳುವ ರೀತಿಗಳು 16. ಅವುಗಳಲ್ಲಿ ಎರಡು ಬೀಳುವ ರೀತಿಗಳು 6. ಒಂದಕ್ಕೆ 4, ಮೂರಕ್ಕೆ 4. ಚೌಕಕ್ಕೆ 1, ಬಾರಕ್ಕೆ 1. ನಡುಮನೆಯನ್ನು ಸೇರಲು ಎಣಿಕೆಯು ಸರಿಯಾಗಿಯೇ ಬೀಳಬೇಕು. ಹೆಚ್ಚು ಬಿದ್ದರೆ ಕಾಯಿ ಕದಲದು. ಹಾಗಾದರೆ ಹಣ್ಣಾಗಲು ಒಂದೇ ಮನೆ ಉಳಿದಿರುವ ಕಾಯಿಗಿಂತ ಎರಡು ಮನೆ ಉಳಿದಿರುವ ಕಾಯಿಗೆ ಮುಂದಿನ ಎಸೆತದಲ್ಲಿ ಅವಕಾಶವು ಹೆಚ್ಚು! ಹತ್ತಿರವಿರುವುದೇ ಲೇಸೆಂದು ಅವಸರಪಡುವ ಬಾಲಕನಿಗೆ ಇದು ತಿಳಿಯದು. ಆಡಿ ಹಳಗಿದ ಅಜ್ಜಿಗೆ ಲೆಕ್ಕವನ್ನು ಕಲಿಯದೆಯೇ ತಿಳಿದಿರುತ್ತದೆ. ಕವಡೆ ದೈವಾಧೀನ; ಕಾಯಿಯನ್ನು ಎಲ್ಲಿ ನಿಲ್ಲಿಸಬೇಕೆಂಬುದು ಸ್ವಾಧೀನ. ಎಲ್ಲವೂ ದೈವಾಧೀನವಾದರೆ ಗೆದ್ದವನಿಗೆ ಹೆಮ್ಮೆಯಿಲ್ಲ. ಎಲ್ಲವೂ ಸ್ವಾಧೀನವಾದರೆ ನೋಡುವವರಿಗೆ ಕುತೂಹಲವಿಲ್ಲ.

ನಾಲ್ಕನೆಯದು, ಸ್ವಾರ್ಜನೆ, ಎಂದರೆ ತನ್ನ ಕೈಯಾರೆ ಗಳಿಸುವುದು. 2012ರಲ್ಲಿ ಹೊರಬಂದ ‘ಡಯಾಬ್ಲೊ’ದ ಮೂರನೆಯ ಭಾಗದಲ್ಲಿ ಆಯುಧಗಳನ್ನು ಹರಾಜಿನಲ್ಲಿ ಕೊಳ್ಳುವ ಏರ್ಪಾಡಿತ್ತು, ನಿಜವಾದ ಹಣವನ್ನು ತೆತ್ತೂ ಕೊಳ್ಳಬಹುದಾಗಿತ್ತು. ರಾಕ್ಷಸನನ್ನು ಕೊಂದು ಆಯುಧವನ್ನು ಪಡೆಯುವ ಬದಲು ಜನರು ಹರಾಜುಕಟ್ಟೆಯಲ್ಲಿ ಕುಳಿತರು. ಆಟದ ತಿರುಳಿಗೇ ಇದು ಕುಂದೆಂದು ಮನಗಂಡು ನಿರ್ಮಾಪಕರೇ 2014ರ ಮಾರ್ಚ್ ತಿಂಗಳಿನಲ್ಲಿ ಅದನ್ನು ಮುಚ್ಚಿಬಿಟ್ಟರು. ಕೊಂಡ ಖಡ್ಗವೂ ಗಳಿಸಿದ ಖಡ್ಗವೂ ಹರಿತದಲ್ಲಿ ಸಮಾನವಾಗಿರಬಹುದು. ಕೈಗೆ ಅವುಗಳ ತೂಕ ಬೇರೆ. ಅಂಗಡಿಯ ಗೈಡನ್ನು ಉರುಹೊಡೆದು ಬರೆದ ಉತ್ತರಕ್ಕೂ ತಾನೇ ಯೋಚಿಸಿ ಬರೆದ ಉತ್ತರಕ್ಕೂ ಇರುವ ಭೇದವು ಇದೇ ಅಲ್ಲವೆ?

ಆಕ್ಷೇಪ ಮತ್ತು ಸಮಾಧಾನ

ಇದೆಲ್ಲವೂ ಬರಿಯ ಚಟವಲ್ಲವೆ, ಶಾಲೆಯ ಸಂಪುಟದಲ್ಲಿ ಇದಕ್ಕೇನು ಎಡೆ ಎಂದು ಹಿರಿಯರು ಕೇಳಬಹುದು. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಹಣವನ್ನು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರಲ್ಲಿ ಅಂಗೀಕರಿಸಿತು. ಇಲ್ಲಿ ಹೇಳಿದ ಆಟಗಳು ಆ ಜಾತಿಯವಲ್ಲವಾದರೂ ಮಿತಿಯನ್ನು ಮೀರಿದರೆ ನಿದ್ರೆಯನ್ನೂ ಓದನ್ನೂ ಕೆಡಿಸುತ್ತವೆ. ಆದರೆ ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ‘ಕ್ರೀಡಾವಿಂಶತಿ’ಯೆಂದು ಒಂದು ವಿಭಾಗವನ್ನೇ ಇರಿಸಿದನು, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ‘ಕೌತುಕನಿಧಿ’ಯಲ್ಲಿ ಆಟಗಳಿಗೆ ಸ್ಥಾನವನ್ನಿತ್ತರು. ಮನುಷ್ಯನ ಮನಸ್ಸು ಯಾವುದರಲ್ಲಿ ನಿಲ್ಲುತ್ತದೆಂಬುದನ್ನು ಅರಿಯಲು ಅವನ ಆಟವನ್ನು ನೋಡಬೇಕೆಂಬುದನ್ನು ಅವರು ಬಲ್ಲವರಾಗಿದ್ದರು. ಆಟವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಅದರಿಂದ ಕಲಿಯುವುದು ನನ್ನ ಉದ್ದೇಶ.

ಉಪಸಂಹಾರ

ಕಲಿತುದೇನು? ನನ್ನ ಆ ವಿದ್ಯಾರ್ಥಿಗೆ ನಾನು ಹೊರಸುತ್ತನ್ನು ಮಾತ್ರ ತೋರಿಸಿದೆನು. ಒಳಸುತ್ತೊಂದು ಉಂಟೆಂದು ಹೇಳಲಿಲ್ಲ. ಪರೀಕ್ಷೆಯ ಮರುದಿನ ಅವನ ಕೈಗೆ ಒಂದು ಕಾವ್ಯವನ್ನು ಕೊಟ್ಟು, “ಇದರಲ್ಲಿ ನಿನಗಿಷ್ಟವಾದ ಭಾಗವನ್ನು ನೀನೇ ಆರಿಸಿಕೊಂಡು ಓದು, ಅರ್ಥವಾಗದಿದ್ದರೆ ಬಾ, ಇಲ್ಲಿ ಅಂಕಗಳಿಲ್ಲ” ಎಂದು ಹೇಳಬಹುದಾಗಿತ್ತು. ಹೇಳಲಿಲ್ಲ. ಅಂಕಪಟ್ಟಿಯನ್ನು ಕಂಡು ಬೆನ್ನು ತಟ್ಟಿ ಕಳುಹಿಸಿಬಿಟ್ಟೆನು. ಅದು ಅವನ ದೋಷವಲ್ಲ, ನನ್ನದು.

ಬ್ಯಾಡಗಿಯ ಪೇಟೆಯನ್ನು ಕಂಡವರಿಗೆ ಒಂದು ಸಂಗತಿ ಗೊತ್ತು. ಮೆಣಸಿನಕಾಯಿಯನ್ನು ಬಿಡಿಸಿದೊಡನೆ ಕೆಲಸ ಮುಗಿಯುವುದಿಲ್ಲ. ಹದವರಿತು ಒಣಗಿಸಬೇಕು, ಬಣ್ಣವನ್ನು ನೋಡಿ ಆರಿಸಬೇಕು. ಬೆಲೆ ನಿಲ್ಲುವುದು ಆ ಮೇಲೆ. ಇನ್ನು ರಾಣೇಬೆನ್ನೂರಿನ ಕಡೆ ಬೀಜೋತ್ಪಾದನೆಯ ಹೊಲಗಳಲ್ಲಿ ಹಣ್ಣನ್ನು ಬೆಳೆಯುವುದು ತಿನ್ನುವುದಕ್ಕಲ್ಲ, ಅದರೊಳಗಿನ ಬೀಜಕ್ಕಾಗಿ. ಆ ರೈತನ ಪಾಲಿಗೆ ಹಣ್ಣಾಗುವುದೆಂದರೆ ಮುಗಿಯುವುದಲ್ಲ, ಮುಂದಿನ ಬಿತ್ತನೆಗೆ ಅಣಿಯಾಗುವುದು. ಶಾಲೆಯ ಫಲಾಗಮವೂ ಹಾಗೆಯೇ ಆಗಬೇಕು.

ನನ್ನ ವಿದ್ಯಾರ್ಥಿಯು ಊರಿಗೆ ಮರಳುವ ದಿನ ನನ್ನ ಕಪಾಟಿನ ಮುಂದೆ ನಿಂತು, ತಾನಾಗಿಯೇ ಒಂದು ಪುಸ್ತಕವನ್ನು ಆರಿಸಿಕೊಂಡು ಹೋದನು. ಯಾವುದೆಂದು ನಾನು ಕೇಳಲಿಲ್ಲ. ಎಂದು ಮುಗಿಸುವೆಯೆಂದೂ ಕೇಳಲಿಲ್ಲ. ಆಯ್ಕೆ ಅವನದು. ನಮ್ಮ ಶಾಲೆಯಲ್ಲಿ ಪಾಠ ಹೇಳುವವರೂ ಅದಕ್ಕೆ ನೆರವಾಗುವ ದಾನಿಗಳೂ ಪ್ರತಿವರ್ಷ ಪರೀಕ್ಷೆಯು ಮುಗಿದ ಮರುವಾರ ಗ್ರಂಥಾಲಯದ ಬಾಗಿಲನ್ನು ಹಳೆಯ ವಿದ್ಯಾರ್ಥಿಗಳಿಗಾಗಿ ತೆರೆದಿಡುವ ವಿಚಾರವನ್ನು ಮಾಡಬೇಕೆಂದು ಬಿನ್ನವಿಸಿ ಈ ಲೇಖನವನ್ನು ಮುಗಿಸುತ್ತೇನೆ.