ವಾಟಲ್ ಮರಗಳನ್ನು ಗುರುತಿಸುವ ಬಗೆ

ಆಸ್ಟ್ರೇಲಿಯದ ರಾಷ್ಟ್ರಲಾಂಛನದಲ್ಲಿ ಕಾಂಗರೂ ಮತ್ತು ಎಮು ಹಕ್ಕಿಗಳ ಹಿಂದೆ ಹಳದಿ ಹೂಗಳಿಂದ ಕಿಕ್ಕಿರಿದ ರೆಂಬೆಗಳು ಹಬ್ಬಿರುವುದನ್ನು ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಅವು ವಾಟಲ್ ಮರದ ರೆಂಬೆಗಳು. ೧೯೧೨ರಲ್ಲಿಯೇ ಲಾಂಛನದಲ್ಲಿ ಸ್ಥಾನ ಪಡೆದಿದ್ದ ಈ ಕುಲದ ಒಂದು ಮರ, ಎಂದರೆ ಸ್ವರ್ಣ ವಾಟಲ್, ೧೯೮೮ರಲ್ಲಿ ಅಧಿಕೃತವಾಗಿ ಆ ದೇಶದ ರಾಷ್ಟ್ರಪುಷ್ಪವೆನಿಸಿತು.

‘ವಾಟಲ್’ ಎಂಬ ಮಾತಿಗೆ ಇಂಗ್ಲಿಷಿನಲ್ಲಿ ತಡಿಕೆ ಎಂದು ಅರ್ಥ. ೧೭೮೮ರಲ್ಲಿ ಸಿಡ್ನಿಯ ತೀರಕ್ಕೆ ಬಂದಿಳಿದ ಆಂಗ್ಲರು ಬಾಗುವ ಸಣ್ಣ ಕೊಂಬೆಗಳಿಂದ ತಡಿಕೆ ಹೆಣೆದು, ಅದಕ್ಕೆ ಮಣ್ಣು ಮೆತ್ತಿ ಗೋಡೆಗಳನ್ನು ನಿಲ್ಲಿಸಿಕೊಂಡರು. ತಡಿಕೆಗೆ ಒದಗುವ ಗಿಡಗಳಿಗೆ ತಡಿಕೆಯ ಹೆಸರೇ ಅಂಟಿಕೊಂಡಿತು. ಕಾಲಕ್ರಮದಲ್ಲಿ ಅದು ಅಕೇಸಿಯ ಕುಲದ ಆಸ್ಟ್ರೇಲಿಯದ ಮರಗಳಿಗೆಲ್ಲ ಸಾಮಾನ್ಯ ನಾಮವಾಯಿತು. ಆ ಖಂಡವೊಂದರಲ್ಲಿಯೇ ಈ ಕುಲದ ಸುಮಾರು ಒಂದು ಸಾವಿರ ಪ್ರಭೇದಗಳಿವೆ.

ಈ ಮರಗಳು ನಮಗೂ ದೂರದವಲ್ಲ. ನಮ್ಮ ಕರಾವಳಿ ಮತ್ತು ಮಲೆನಾಡಿನ ಗುಡ್ಡಗಳ ಮೇಲೆ ಸಾಲುಸಾಲಾಗಿ ಬೆಳೆಸಿರುವ ‘ಅಕೇಶಿಯ’ ಈ ಕುಲದ್ದೇ. ನೀಲಗಿರಿ ಬೆಟ್ಟಗಳಿಗೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹಲವು ವಾಟಲ್‌ಗಳು ಬಂದು ನೆಲೆಯೂರಿದವು.

ಗುರುತಿಸುವುದರಿಂದ ಪ್ರಯೋಜನವೇನು?

ಹೆಸರು ಯಾವುದಾದರೇನು, ಮರ ಮರವೇ ಅಲ್ಲವೆ ಎಂದು ಕೇಳುವವರುಂಟು. ಒಂದು ಉದಾಹರಣೆಯನ್ನು ನೋಡೋಣ. ಕಪ್ಪು ವಾಟಲ್ ಮತ್ತು ಬೆಳ್ಳಿ ವಾಟಲ್ ಎಂಬ ಎರಡು ಮರಗಳು ದೂರದಿಂದ ಅವಳಿಗಳಂತೆ ತೋರುತ್ತವೆ. ಆದರೆ ಕಪ್ಪು ವಾಟಲಿನ ತೊಗಟೆ ಚರ್ಮ ಹದ ಮಾಡುವುದಕ್ಕೆ ಬೇಕಾದ ಟ್ಯಾನಿನ್ ಎಂಬ ಒಗರು ವಸ್ತುವಿನಿಂದ ಸಮೃದ್ಧವಾಗಿದೆ. ಬೆಳ್ಳಿ ವಾಟಲಿನದು ಆ ಕೆಲಸಕ್ಕೆ ಬಹಳ ಕೀಳು. ಒಂದನ್ನು ಇನ್ನೊಂದೆಂದು ತಿಳಿದು ತೋಪು ಹಾಕಿದವನಿಗೆ ನಷ್ಟ ತಪ್ಪಿದ್ದಲ್ಲ.

ಎರಡನೆಯ ಕಾರಣ ಇನ್ನೂ ಗಂಭೀರವಾದುದು. ನೀಲಗಿರಿಯ ಎತ್ತರದ ಹುಲ್ಲುಗಾವಲುಗಳನ್ನು ವಾಟಲ್‌ಗಳು ಆಕ್ರಮಿಸಿ, ಅಲ್ಲಿನ ಸಹಜ ಹುಲ್ಲನ್ನೂ ಅದನ್ನು ನಂಬಿದ ಜೀವಿಗಳನ್ನೂ ಮೂಲೆಗೊತ್ತಿವೆ. ಕಪ್ಪು ವಾಟಲ್ ಜಗತ್ತಿನ ನೂರು ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಸೇರಿದೆ. ಇವುಗಳನ್ನು ತೆಗೆದು ಹುಲ್ಲುಗಾವಲನ್ನು ಮರಳಿ ಪಡೆಯಬೇಕಾದರೆ ಮರದ ಸ್ವಭಾವವನ್ನು ಅರಿತಿರಬೇಕು. ಬೆಳ್ಳಿ ವಾಟಲನ್ನು ಬುಡಕ್ಕೆ ಕಡಿದು ಬಿಟ್ಟರೆ ಅದರ ಬೇರುಗಳಿಂದ ಹತ್ತಾರು ಹೊಸ ಚಿಗುರುಗಳು ಏಳುತ್ತವೆ. ಒಂದು ಮರವಿದ್ದಲ್ಲಿ ಒಂದು ಪೊದೆಯೇ ಹುಟ್ಟುತ್ತದೆ. ಕಪ್ಪು ವಾಟಲಾದರೋ ಮುಖ್ಯವಾಗಿ ಬೀಜದಿಂದ ಹಬ್ಬುವಂಥದು. ಅದರ ಗಟ್ಟಿ ಸಿಪ್ಪೆಯ ಬೀಜಗಳು ಮಣ್ಣಿನಲ್ಲಿ ದಶಕಗಳ ಕಾಲ ಸುಪ್ತವಾಗಿದ್ದು, ಬೆಂಕಿಯ ಕಾವು ತಗುಲಿದಾಗ ಒಟ್ಟಿಗೆ ಮೊಳೆಯುತ್ತವೆ. ಒಂದಕ್ಕೆ ಬೇರಿನ ಕಡೆ ಗಮನವಿರಬೇಕು, ಮತ್ತೊಂದಕ್ಕೆ ಬೀಜದ ಕಡೆ. ಆದುದರಿಂದ ಮೊದಲು ಹೆಸರು ತಿಳಿಯಬೇಕು; ಕೊಡಲಿ ಆಮೇಲೆ.

ಎಲೆ

ವಾಟಲ್‌ಗಳನ್ನು ಎಲೆಯ ಮೇಲಿಂದ ಎರಡು ದೊಡ್ಡ ಗುಂಪುಗಳಾಗಿ ವಿಂಗಡಿಸಬಹುದು. ಮೊದಲನೆಯ ಗುಂಪಿನವು ನಮ್ಮ ಜಾಲಿಯಂತೆ ಎರಡು ಸಲ ಕವಲೊಡೆದ ಗರಿಯೆಲೆಗಳುಳ್ಳವು. ನಡುದಿಂಡಿನ ಎರಡು ಪಕ್ಕಗಳಲ್ಲಿ ಗರಿಗಳು, ಒಂದೊಂದು ಗರಿಯ ಎರಡು ಪಕ್ಕಗಳಲ್ಲಿಯೂ ಸಣ್ಣ ಸಣ್ಣ ಕಿರುಎಲೆಗಳು ಜೋಡಿಯಾಗಿರುತ್ತವೆ.

ಎರಡನೆಯ ಗುಂಪಿನದು ವಿಚಿತ್ರ. ಇವುಗಳಲ್ಲಿ ಎಲೆಯೆಂದು ನಮಗೆ ಕಾಣುವುದು ನಿಜವಾದ ಎಲೆಯಲ್ಲ. ಎಲೆಯ ತೊಟ್ಟು ಚಪ್ಪಟೆಯಾಗಿ ಅಗಲಿಸಿ ಎಲೆಯ ರೂಪವನ್ನು ತಾಳಿದೆ. ಸಸ್ಯಶಾಸ್ತ್ರಜ್ಞರು ಇದನ್ನು ಫಿಲ್ಲೋಡ್ ಎನ್ನುತ್ತಾರೆ. ನಾವು ತೊಟ್ಟೆಲೆ ಎಂದು ಕರೆಯೋಣ. ಇದು ತೊಟ್ಟೇ ಎಂಬುದಕ್ಕೆ ಪ್ರಮಾಣವೇನು? ಈ ಮರಗಳ ಬೀಜವನ್ನು ಬಿತ್ತಿ ಸಸಿಯನ್ನು ದಿನವೂ ಗಮನಿಸಿದರೆ ಸಾಕು. ಮೊದಲು ಹುಟ್ಟುವುವು ಜಾಲಿಯಂಥ ಗರಿಯೆಲೆಗಳೇ. ಅನಂತರ ಬರುವ ಎಲೆಗಳಲ್ಲಿ ತೊಟ್ಟು ಅಗಲವಾಗುತ್ತ, ತುದಿಯ ಗರಿಗಳು ಕುಗ್ಗುತ್ತ ಹೋಗುತ್ತವೆ. ಕೊನೆಗೆ ಗರಿಗಳು ಮಾಯವಾಗಿ ಬರಿಯ ತೊಟ್ಟು ಉಳಿಯುತ್ತದೆ. ಒಂದೇ ಸಸಿಯ ಮೇಲೆ ಈ ಎಲ್ಲ ಅವಸ್ಥೆಗಳನ್ನೂ ಕೆಳಗಿನಿಂದ ಮೇಲಕ್ಕೆ ಕ್ರಮವಾಗಿ ನೋಡಬಹುದು.

ತೊಟ್ಟೆಲೆಯನ್ನು ಸಾಮಾನ್ಯ ಎಲೆಯಿಂದ ಬೇರ್ಪಡಿಸಿ ತಿಳಿಯಲು ಇನ್ನೂ ಎರಡು ಕುರುಹುಗಳಿವೆ. ಸಾಮಾನ್ಯ ಎಲೆಗೆ ಮೇಲ್ಮೈ ಕಡುಹಸಿರು, ಕೆಳಮೈ ತಿಳಿಹಸಿರು. ತೊಟ್ಟೆಲೆಗೆ ಎರಡು ಮೈಗಳೂ ಒಂದೇ ಬಗೆ. ಅದು ಬಹುಮಟ್ಟಿಗೆ ಅಂಚನ್ನು ಮೇಲೆ ಮಾಡಿ ನೆಟ್ಟಗೆ ನಿಲ್ಲುವುದರಿಂದ ನಡುಹಗಲಿನ ಪ್ರಖರವಾದ ಬಿಸಿಲು ಅದರ ಮೈಮೇಲೆ ನೇರವಾಗಿ ಬೀಳುವುದಿಲ್ಲ. ಅಲ್ಲದೆ ಅದರ ಮೇಲಂಚಿನಲ್ಲಿ, ಬುಡದ ಹತ್ತಿರ, ಒಂದು ಸಣ್ಣ ಗ್ರಂಥಿಯಿರುವುದು ಸಾಮಾನ್ಯ. ಅದು ಸಿಹಿರಸವನ್ನು ಸ್ರವಿಸುತ್ತದೆ. ಇರುವೆಗಳು ಅಲ್ಲಿ ಸುಳಿದಾಡುವುದಕ್ಕೆ ಇದೇ ಕಾರಣ.

ತೊಟ್ಟೆಲೆ ದೊರೆತಾಗ ಅದನ್ನು ಬೆಳಕಿಗೆ ಹಿಡಿದು ನರಗಳನ್ನು ಎಣಿಸಬೇಕು. ಸ್ವರ್ಣ ವಾಟಲಿನಲ್ಲಿ ಎದ್ದು ಕಾಣುವ ನಡುನರ ಒಂದೇ. ಬ್ಲ್ಯಾಕ್‌ವುಡ್ ಎಂಬ ಕರಿಮರದಲ್ಲಿ ಉದ್ದುದ್ದ ಸಾಗುವ ಮೂರರಿಂದ ಐದು ನರಗಳುಂಟು, ಅವುಗಳ ನಡುವೆ ಬಲೆಯಂತೆ ಸಣ್ಣ ನರಗಳ ಹೆಣಿಗೆ. ನಮ್ಮ ಗುಡ್ಡಗಳ ಅಕೇಶಿಯದಲ್ಲಿಯೂ ಮೂರು ಅಥವಾ ಹೆಚ್ಚು ನರಗಳು ಬುಡದಿಂದ ಹೊರಟು ಕುಡುಗೋಲಿನಂತೆ ಬಾಗುತ್ತವೆ.

ಗರಿಯೆಲೆಯ ವಾಟಲ್‌ಗಳಲ್ಲಿ ನೋಡಬೇಕಾದುದು ಬೇರೆ. ಒಂದು ಭೂತಗನ್ನಡಿಯಿಂದ ನಡುದಿಂಡಿನ ಮೇಲ್ಭಾಗವನ್ನು ಪರೀಕ್ಷಿಸಿರಿ. ಬೆಳ್ಳಿ ವಾಟಲಿನಲ್ಲಿ ಗರಿಗಳ ಜೋಡಿ ಸೇರುವೆಡೆಯಲ್ಲಿ ಮಾತ್ರ ಒಂದೊಂದು ಗ್ರಂಥಿ ಇರುತ್ತದೆ. ಕಪ್ಪು ವಾಟಲಿನಲ್ಲಿ ಆ ಗ್ರಂಥಿಗಳಲ್ಲದೆ ಜೋಡಿಗಳ ನಡುವಣ ಎಡೆಯಲ್ಲಿಯೂ ಕ್ರಮವಿಲ್ಲದೆ ಹೆಚ್ಚಿನ ಗ್ರಂಥಿಗಳಿರುತ್ತವೆ. ದೂರದಿಂದ ಅವಳಿಗಳಂತೆ ಕಂಡವನ್ನು ಈ ಸೂಕ್ಷ್ಮ ಚಿಹ್ನೆ ಬೇರ್ಪಡಿಸುತ್ತದೆ. ಬೆಳ್ಳಿ ವಾಟಲಿನ ಎಳೆಗೊಂಬೆ ಮತ್ತು ಎಲೆಗಳ ಮೇಲೆ ಬೂದಿ ಬಳಿದಂತೆ ಬಿಳಿಯ ಛಾಯೆಯೂ ಉಂಟು.

ತೊಗಟೆ

ತೊಗಟೆಯೊಂದನ್ನೇ ನಂಬಿ ಹೆಸರು ಹೇಳುವುದು ಅಪಾಯಕರ. ಏಕೆಂದರೆ ವಯಸ್ಸಿನೊಡನೆ ಅದು ಬದಲಾಗುತ್ತದೆ. ಬೆಳ್ಳಿ ವಾಟಲಿನ ಎಳೆಯ ಮರದ ತೊಗಟೆ ನುಣುಪಾಗಿ ಹಸಿರುಬೂದು ಬಣ್ಣಕ್ಕಿರುತ್ತದೆ. ಮುದಿಮರದಲ್ಲಿ ಅದೇ ಕಪ್ಪಾಗಿ ಸೀಳುತ್ತದೆ. ಕಪ್ಪು ವಾಟಲಿನದು ಎಳೆಯದರಲ್ಲಿ ಹಸಿರುಗಂದು, ಬಲಿತಾಗ ಕಂದುಗಪ್ಪು. ಬ್ಲ್ಯಾಕ್‌ವುಡ್ಡಿನ ತೊಗಟೆ ಗಡುಸಾಗಿ, ಉದ್ದುದ್ದ ಉಳುಮೆಯ ಸಾಲುಗಳಂತೆ ಬಿರಿದಿರುತ್ತದೆ. ಆದುದರಿಂದ ತೊಗಟೆಯನ್ನು ಸಾಕ್ಷಿಯಾಗಿ ಬಳಸಬೇಕೇ ಹೊರತು ನ್ಯಾಯಾಧೀಶನಾಗಿ ಅಲ್ಲ.

ಶಾಲೆಯ ಪ್ರಯೋಗಶಾಲೆಯಲ್ಲಿ ಮಾಡಬಹುದಾದ ಒಂದು ಸುಲಭ ಪರೀಕ್ಷೆಯಿದೆ. ತೊಗಟೆಯ ಚೂರುಗಳನ್ನು ನೀರಿನಲ್ಲಿ ಕುದಿಸಿ ಸೋಸಿರಿ. ಆರಿದ ಕಷಾಯಕ್ಕೆ ಫೆರಿಕ್ ಕ್ಲೋರೈಡ್ ದ್ರಾವಣದ ಕೆಲವು ಹನಿಗಳನ್ನು ಹಾಕಿರಿ. ಟ್ಯಾನಿನ್ ಇದ್ದರೆ ಕಷಾಯ ಕೂಡಲೇ ಕಪ್ಪಡರುತ್ತದೆ. ಇದು ಟ್ಯಾನಿನ್ ಇರುವುದನ್ನು ಮಾತ್ರ ತಿಳಿಸುತ್ತದೆ. ಅದರ ಮೊತ್ತವನ್ನಾಗಲಿ ಮರದ ಹೆಸರನ್ನಾಗಲಿ ಹೇಳುವುದಿಲ್ಲ.

ಹೂವು ಮತ್ತು ಕಾಯಿ

ವಾಟಲಿನ ಒಂದು ಹೂ ಎಂದು ನಾವು ತಿಳಿಯುವ ಹಳದಿ ಚೆಂಡು ವಾಸ್ತವವಾಗಿ ಹತ್ತಾರು ಹೂಗಳ ಸಮೂಹ. ಒಂದೊಂದರ ಎಸಳುಗಳು ಕಣ್ಣಿಗೆ ಬೀಳದಷ್ಟು ಚಿಕ್ಕವು. ಬಣ್ಣವೆಲ್ಲ ಹೊರಚಾಚಿದ ಅಸಂಖ್ಯ ಕೇಸರಗಳದು. ಹೂಗಳ ಜೋಡಣೆ ಎರಡು ಬಗೆ: ಕೆಲವು ಪ್ರಭೇದಗಳಲ್ಲಿ ದುಂಡನೆಯ ಚೆಂಡು, ಕೆಲವುಗಳಲ್ಲಿ ಉದ್ದನೆಯ ತೆನೆ. ಬಣ್ಣವನ್ನೂ ಗಮನಿಸಬೇಕು. ಬೆಳ್ಳಿ ವಾಟಲಿನದು ಹೊಳೆಯುವ ಹಳದಿ. ಕಪ್ಪು ವಾಟಲಿನದು ಕೆನೆಯಂತೆ ಪೇಲವ. ತಾಯ್ನಾಡಿನಲ್ಲಿ ಮೊದಲನೆಯದು ಜುಲೈಯಿಂದ ಅಕ್ಟೋಬರ್‌ವರೆಗೆ ಹೂ ಬಿಟ್ಟರೆ, ಎರಡನೆಯದು ಅಕ್ಟೋಬರ್ ಕಳೆದ ಮೇಲೆ ಮುಖ್ಯವಾಗಿ ಅರಳುತ್ತದೆ. ಆದರೆ ಭೂಮಧ್ಯರೇಖೆಯ ಈಚೆಗಿರುವ ನಮ್ಮಲ್ಲಿ ಋತುಗಳು ಬೇರೆಯಾದುದರಿಂದ ಈ ತಿಂಗಳುಗಳ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಲಾಗದು.

ಕಾಯಿಯೂ ನೆರವಾಗುತ್ತದೆ. ಕಪ್ಪು ವಾಟಲಿನ ಕಾಯಿ ಬೀಜಬೀಜದ ನಡುವೆ ಸೊಂಟ ಹಿಡಿದಂತೆ ಕಿರಿದಾಗಿ ಮಣಿಸರದಂತೆ ತೋರುತ್ತದೆ. ಬೆಳ್ಳಿ ವಾಟಲಿನದು ಚಪ್ಪಟೆ, ಅಂಚು ಹೆಚ್ಚು ಕಡಮೆ ನೇರ. ನಮ್ಮ ಅಕೇಶಿಯದ ಕಾಯಿ ಬಲಿತಾಗ ಕಿವಿಯಂತೆ ಸುರುಳಿಗೊಳ್ಳುತ್ತದೆ. ಅದರ ‘ಆರಿಕ್ಯುಲಿಫಾರ್ಮಿಸ್’ ಎಂಬ ಲ್ಯಾಟಿನ್ ಹೆಸರಿಗೆ ‘ಕಿವಿಯಾಕಾರದ’ ಎಂದೇ ಅರ್ಥ.

ಗುರುತಿಸುವ ಕೀಲಿ

ಮೇಲಿನ ಅಂಶಗಳನ್ನು ಒಟ್ಟುಗೂಡಿಸಿ ಏಳು ಮರಗಳಿಗೆ ಒಂದು ಕೀಲಿಯನ್ನು ಸಿದ್ಧಪಡಿಸಬಹುದು. ಬೆಳೆದ ಮರದಿಂದ ಎಲೆ, ಹೂಗಳನ್ನು ತಂದು, ಒಂದೊಂದು ಮೆಟ್ಟಿಲಿನಲ್ಲಿಯೂ ಒಪ್ಪುವ ಮಾತನ್ನು ಆರಿಸಿ ಮುಂದೆ ನಡೆಯಿರಿ.

೧. ಗರಿಯೆಲೆಗಳಿದ್ದರೆ ೨ಕ್ಕೆ ಹೋಗಿ, ತೊಟ್ಟೆಲೆಗಳಿದ್ದರೆ ೪ಕ್ಕೆ.

೨. ಕಿರುಎಲೆಗಳು ೬ ಮಿಲಿಮೀಟರಿಗಿಂತ ಉದ್ದ, ದಾರದಂತೆ ಸಪೂರ, ಒಂದಕ್ಕೊಂದು ದೂರ. ಎಳೆಗೊಂಬೆಯ ಮೇಲೆ ಎದ್ದ ಏಣುಗಳು: ಹಸಿರು ವಾಟಲ್ (ಅಕೇಸಿಯ ಡಿಕರೆನ್ಸ್). ಕಿರುಎಲೆಗಳು ಅದಕ್ಕಿಂತ ಗಿಡ್ಡ, ಒತ್ತೊತ್ತು: ೩ಕ್ಕೆ.

೩. ಬೂದಿಯ ಛಾಯೆ, ಗ್ರಂಥಿಗಳು ಗರಿಗಳ ಸಂಧಿಯಲ್ಲಿ ಮಾತ್ರ, ಹೊಳೆಯುವ ಹಳದಿ ಹೂ: ಬೆಳ್ಳಿ ವಾಟಲ್ (ಅಕೇಸಿಯ ಡೀಲ್‌ಬೇಟ). ಕಡುಹಸಿರು, ಸಂಧಿಗಳ ನಡುವೆಯೂ ಗ್ರಂಥಿ, ಪೇಲವ ಹೂ: ಕಪ್ಪು ವಾಟಲ್ (ಅಕೇಸಿಯ ಮರ್ನ್‌ಸಿಯೈ).

೪. ಹೂಗಳು ಚೆಂಡಿನಂತಿದ್ದರೆ ೫ಕ್ಕೆ, ತೆನೆಯಂತಿದ್ದರೆ ೬ಕ್ಕೆ.

೫. ಒಂದೇ ನಡುನರ, ಚಿನ್ನದ ಬಣ್ಣದ ಹೂ: ಸ್ವರ್ಣ ವಾಟಲ್ (ಅಕೇಸಿಯ ಪಿಕ್‌ನ್ಯಾಂತ). ಮೂರರಿಂದ ಐದು ನರ, ಕೆನೆಬಣ್ಣದ ಹೂ, ಬೀಜವನ್ನು ಸುತ್ತಿದ ಕೆಂಬಣ್ಣದ ತಂತು: ಬ್ಲ್ಯಾಕ್‌ವುಡ್ (ಅಕೇಸಿಯ ಮೆಲನಾಕ್ಸಿಲಾನ್).

೬. ತೊಟ್ಟೆಲೆ ಕಿರಿದು, ಕುಡುಗೋಲಿನಂತೆ ಬಾಗಿದುದು, ಹಳದಿ ತೆನೆ: ಅಕೇಸಿಯ ಆರಿಕ್ಯುಲಿಫಾರ್ಮಿಸ್. ತೊಟ್ಟೆಲೆ ಅಂಗೈಯಷ್ಟು ಅಗಲ, ಬಿಳಿ ಅಥವಾ ಕೆನೆಬಣ್ಣದ ತೆನೆ: ಅಕೇಸಿಯ ಮ್ಯಾಂಜಿಯಮ್.

ಕೊನೆಯ ಎರಡು ಮರಗಳು ಬೆರೆತು ಹುಟ್ಟಿದ ಮಿಶ್ರತಳಿಯನ್ನೂ ನೆಡುತೋಪುಗಳಲ್ಲಿ ಬೆಳೆಸುವುದುಂಟು. ಅದರ ಲಕ್ಷಣಗಳು ಎರಡರ ನಡುವಣವಾಗಿರುತ್ತವೆ. ಸಾವಿರ ಪ್ರಭೇದಗಳಿಗೆ ಏಳರ ಕೀಲಿ ಸಾಲದೆಂಬುದನ್ನೂ ನೆನಪಿನಲ್ಲಿಡಬೇಕು. ಕೀಲಿ ತೆರೆಯದ ಬೀಗ ಬಂದರೆ ಬಲವಂತವಾಗಿ ತಿರುಗಿಸಬಾರದು.

ಜಾಲಿ ವಾಟಲ್ ಅಲ್ಲವೆ?

ನಮ್ಮ ಕರಿಜಾಲಿಗೂ ಹಳದಿಯ ಚೆಂಡುಹೂ, ಗರಿಯೆಲೆ, ಮಣಿಸರದಂಥ ಕಾಯಿ ಇವೆ. ಬಹುಕಾಲ ಅದೂ ಅಕೇಸಿಯ ಕುಲದಲ್ಲಿಯೇ ಇತ್ತು. ಅಷ್ಟೇ ಅಲ್ಲ, ‘ಅಕೇಸಿಯ’ ಎಂಬ ಹೆಸರೇ ಮುಳ್ಳು ಎಂಬರ್ಥದ ಗ್ರೀಕ್ ಮಾತಿನಿಂದ ಬಂದು ಮೊದಲು ಅದಕ್ಕೇ ಸಂದಿತ್ತು. ಆದರೆ ಕರಿಜಾಲಿಗೆ ಎಲೆಯ ಬುಡದಲ್ಲಿ ಜೋಡಿಮುಳ್ಳುಗಳುಂಟು. ಮೇಲೆ ವಿವರಿಸಿದ ಏಳು ಮರಗಳಿಗೂ ಅವಿಲ್ಲ. ಇಂಥ ಭೇದಗಳನ್ನೂ ವಂಶಸಂಬಂಧವನ್ನೂ ಪರಿಶೀಲಿಸಿ ವಿಜ್ಞಾನಿಗಳು ಹಳೆಯ ಕುಲವನ್ನು ಒಡೆದರು. ೨೦೦೫ರ ವಿಯೆನ್ನ ಸಮ್ಮೇಳನದಲ್ಲಿ ಅಕೇಸಿಯ ಎಂಬ ಹೆಸರು ಆಸ್ಟ್ರೇಲಿಯದ ಗುಂಪಿಗೆ ಉಳಿಯಿತು. ೨೦೧೧ರ ಮೆಲ್ಬರ್ನ್ ಸಮ್ಮೇಳನ ಅದನ್ನು ಎತ್ತಿಹಿಡಿಯಿತು. ನಮ್ಮ ಕರಿಜಾಲಿ ಈಗ ವ್ಯಾಚೆಲಿಯ ನೈಲೊಟಿಕ. ಮುಳ್ಳಿನ ಹೆಸರು ಮುಳ್ಳಿಲ್ಲದವಕ್ಕೆ ಹೋಯಿತೆಂದು ವಿನೋದವಾಗಿ ಹೇಳಬಹುದು.

ಹೆಸರುಗಳ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಆಸ್ಟ್ರೇಲಿಯದ ಕಪ್ಪು ವಾಟಲಿಗೆ ೧೯೨೫ರಲ್ಲಿ ಈಗಿನ ಶಾಸ್ತ್ರೀಯ ನಾಮ ದೊರೆತುದು ಪೂರ್ವ ಆಫ್ರಿಕದಲ್ಲಿ ನೆಟ್ಟು ಬೆಳೆಸಿದ್ದ ಮರವೊಂದರ ಮಾದರಿಯಿಂದ. ತನ್ನ ನಾಡಿನಿಂದ ಅಷ್ಟು ದೂರ ಹೋಗಿಯೂ ಆ ಮರ ತನ್ನ ಗ್ರಂಥಿ, ಹೂ, ಕಾಯಿಗಳ ಗುರುತನ್ನು ಬಿಟ್ಟುಕೊಟ್ಟಿರಲಿಲ್ಲ. ಹೆಸರುಗಳು ಬದಲಾಗಬಹುದು, ಲಕ್ಷಣಗಳು ನಿಲ್ಲುತ್ತವೆ.

ವಿದ್ಯಾರ್ಥಿಗಳು ತಮ್ಮ ಊರಿನ ಹತ್ತಿರದ ಅಕೇಶಿಯ ತೋಪಿನಿಂದಲೇ ಅಭ್ಯಾಸವನ್ನು ಆರಂಭಿಸಬಹುದು. ಒಂದು ಎಲೆಯನ್ನು ಕಿತ್ತು ನರಗಳನ್ನು ಎಣಿಸಿ, ಗ್ರಂಥಿಯನ್ನು ಹುಡುಕಿ, ಚಿತ್ರ ಬರೆದು, ತಾರೀಖನ್ನೂ ಸ್ಥಳವನ್ನೂ ಗುರುತು ಹಾಕಿಕೊಳ್ಳಲಿ. ಕೆಲವು ಬೀಜಗಳನ್ನು ಕುದಿನೀರಿನಲ್ಲಿ ಒಂದು ನಿಮಿಷ ಅದ್ದಿ, ತಣ್ಣೀರಿನಲ್ಲಿ ರಾತ್ರಿ ನೆನೆಹಾಕಿ ಕುಂಡದಲ್ಲಿ ಬಿತ್ತಲಿ. ಗರಿಯೆಲೆ ತೊಟ್ಟೆಲೆಯಾಗುವ ಆ ಪರಿವರ್ತನೆಯನ್ನು ಸ್ವಂತ ಕಣ್ಣಿನಿಂದ ಕಂಡವರಿಗೆ ಈ ಪಾಠವನ್ನು ಮತ್ತೆ ಓದಬೇಕಾದ ಅಗತ್ಯವಿರುವುದಿಲ್ಲ.