ಹಳೆಯ ಕಾರಿಗೆ ಹೊಸ ಟೈರ್ ಸೆನ್ಸರ್: ನಾಲ್ಕು ಪ್ರಶ್ನೆಗಳ ಪಾಠ

ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಕುದುರೆಲಾಳದ ಆಕಾರದ ನಡುವೆ ಆಶ್ಚರ್ಯಸೂಚಕ ಚಿಹ್ನೆ ಇರುವ ಹಳದಿ ದೀಪವನ್ನು ನೀವು ನೋಡಿರಬಹುದು. ಅದು ಸುಮ್ಮನೆ ಹೊತ್ತಿಕೊಂಡರೆ ಯಾವುದೋ ಟೈರಿನಲ್ಲಿ ಗಾಳಿ ಕಡಿಮೆಯಾಗಿದೆ ಎಂದರ್ಥ. ಅನೇಕ ಕಾರುಗಳಲ್ಲಿ ಅದು ಮೊದಲು ಒಂದು ನಿಮಿಷದಷ್ಟು ಮಿನುಗಿ, ನಂತರ ಉರಿಯುತ್ತಲೇ ಇದ್ದರೆ ಗಾಳಿಯನ್ನು ಅಳೆಯುವ ವ್ಯವಸ್ಥೆಯೇ ಕೆಟ್ಟಿದೆ ಎಂದರ್ಥ.

ನನ್ನ ಮಾಮನ ಕಾರಿಗೆ ಈಗ 12 ವರ್ಷ. ಅದರ ದೀಪ ಎರಡನೆಯ ರೀತಿಯಲ್ಲಿ ಉರಿಯುತ್ತಿತ್ತು. "ಮೇಲೊಂದು ಟೇಪ್ ಅಂಟಿಸಿಬಿಡಿ" ಎಂದು ಗೆಳೆಯರೊಬ್ಬರು ಸಲಹೆ ಕೊಟ್ಟರು. ಆದರೆ ಮಾಮ ಮನೆಯವರನ್ನೆಲ್ಲ ಕೂರಿಸಿಕೊಂಡು ಆಗಾಗ ಶಿರಾಡಿ ಘಾಟಿ ಹತ್ತುವವರು. ಗಾಳಿ ಕಡಿಮೆಯಾದ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗುತ್ತದೆ, ಬಿಸಿಯಾಗುತ್ತದೆ, ವೇಗದಲ್ಲಿ ಸಿಡಿಯಲೂಬಹುದು. ಸದಾ ಉರಿಯುವ ದೀಪ ಆ ದಿನ ಯಾರನ್ನೂ ಎಚ್ಚರಿಸುವುದಿಲ್ಲ. ಹಾಗಾಗಿ ಸೆನ್ಸರ್ ಬದಲಿಸುವ ಕೆಲಸದಲ್ಲಿ ನಾನೂ ಮಾಮನ ಜೊತೆ ನಿಂತೆ.

ಸೆನ್ಸರ್ ಟೈರಿನ ಒಳಗೆ, ಗಾಳಿ ತುಂಬುವ ವಾಲ್ವ್‌ಗೆ ಅಂಟಿಕೊಂಡಿರುತ್ತದೆ. ಅದರೊಳಗಿನ ಸಿಲಿಕಾನ್ ಪೊರೆ ಗಾಳಿಯ ಒತ್ತಡಕ್ಕೆ ಬಾಗಿದಾಗ ಅದರ ಮೇಲಿನ ರೋಧಕಗಳ ಬೆಲೆ ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆಯುವುದು ನಾವು ದ್ವಿತೀಯ ಪಿಯುಸಿಯಲ್ಲಿ ಓದುವ ವೀಟ್‌ಸ್ಟನ್ ಸೇತುವೆಯೇ. ಅಳತೆಯನ್ನು ಸೆನ್ಸರ್ ರೇಡಿಯೊ ಮೂಲಕ ಕಾರಿಗೆ ಕಳುಹಿಸುತ್ತದೆ. ಇದಕ್ಕೆ ಶಕ್ತಿ ಕೊಡುವ ಚಿಕ್ಕ ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ 5ರಿಂದ 10 ವರ್ಷ ಬಾಳುತ್ತದೆ. ಅದನ್ನು ರಾಳದಿಂದ ಮುಚ್ಚಿರುವುದರಿಂದ ಬ್ಯಾಟರಿ ಮುಗಿದರೆ ಸೆನ್ಸರನ್ನೇ ಬದಲಿಸಬೇಕು. ನಾಲ್ಕಕ್ಕೂ ಒಂದೇ ವಯಸ್ಸು. ಒಂದು ಸತ್ತರೆ ಉಳಿದವು ಹಿಂದೆಯೇ ಬರುತ್ತವೆ.

ಅಮೆರಿಕದಲ್ಲಿರುವ ಸಂಬಂಧಿಯೊಬ್ಬರು ನಾಲ್ಕು ಹೊಸ ಸೆನ್ಸರ್ ತಂದುಕೊಟ್ಟರು. ಜೋಡಿಸಿದ ಮೇಲೂ ದೀಪ ಆರಲಿಲ್ಲ. ಕಾರಣ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ನಾಲ್ಕು ಪ್ರಶ್ನೆಗಳು.

1. ಆವರ್ತನ ಒಂದೇನಾ? ಅಮೆರಿಕದ ಕಾರುಗಳಲ್ಲಿ ಹೆಚ್ಚಾಗಿ 315 ಮೆಗಾಹರ್ಟ್ಸ್, ಯುರೋಪ್ ಮತ್ತು ಭಾರತದಲ್ಲಿ ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್. ನಮ್ಮ ಪಾರ್ಸೆಲ್‌ನ ಸೆನ್ಸರ್‌ಗಳ ಮೇಲೆ 315 ಎಂದಿತ್ತು. ಸೆನ್ಸರ್‌ಗಳು ಚೆನ್ನಾಗಿಯೇ ಇದ್ದವು, ಆದರೆ ಕಾರು ಬೇರೆ ನಿಲ್ದಾಣ ಕೇಳುತ್ತಿತ್ತು.

2. ಸಂದೇಶದ ರೂಪ ಒಂದೇನಾ? ಆವರ್ತನ ಸರಿಯಿದ್ದರೂ ಪ್ರತಿ ತಯಾರಕರ ಸಂಕೇತಕ್ರಮ ಬೇರೆ. ಎಲ್ಲ ಕಾರಿಗೂ ಹೊಂದುವ ಖಾಲಿ ಸೆನ್ಸರ್ ಕೊಂಡರೆ, ಕಾರಿನ ಮಾದರಿ ಮತ್ತು ವರ್ಷಕ್ಕೆ ತಕ್ಕಂತೆ ಅದಕ್ಕೆ ಮೊದಲು ಪ್ರೋಗ್ರಾಂ ತುಂಬಬೇಕು.

3. ಸೆನ್ಸರ್ ಎಚ್ಚರವಾಗಿದೆಯೇ? ಬ್ಯಾಟರಿ ಉಳಿಸಲು ಚಕ್ರ ನಿಂತಾಗ ಅದು ನಿದ್ರಿಸುತ್ತದೆ. ಅಂಗಡಿಯವರ ಉಪಕರಣ 125 ಕಿಲೋಹರ್ಟ್ಸ್ ಸಂಕೇತ ಕೊಟ್ಟು ಅದನ್ನು ಎಬ್ಬಿಸುತ್ತದೆ. ಟೈರ್ ಏರಿಸುವ ಮೊದಲೇ ಈ ಪರೀಕ್ಷೆ ಮಾಡಿಸಿದರೆ ಎರಡು ಸಲ ಕೂಲಿ ಕೊಡಬೇಕಾಗಿಲ್ಲ.

4. ಕಾರಿಗೆ ಅದರ ಪರಿಚಯವಿದೆಯೇ? ಪ್ರತಿ ಸೆನ್ಸರ್‌ಗೂ ತನ್ನದೇ ಗುರುತಿನ ಸಂಖ್ಯೆ ಇದೆ. ಇಲ್ಲದಿದ್ದರೆ ಪಕ್ಕದ ಕಾರಿನ ಟೈರಿನ ಮಾತನ್ನೂ ನಮ್ಮ ಕಾರು ನಂಬೀತು. ಕೆಲವು ಕಾರುಗಳು ಓಡುತ್ತಾ ತಾವೇ ಹೊಸ ಸಂಖ್ಯೆ ಕಲಿಯುತ್ತವೆ. ಕೆಲವಕ್ಕೆ ಸ್ಟೀರಿಂಗ್ ಕೆಳಗಿನ 16 ಪಿನ್‌ನ ಸಾಕೆಟ್ ಮೂಲಕ ಬರೆದುಕೊಡಬೇಕು. ಮೂರನೆಯ ದಾರಿ, ಹಳೆಯ ಸೆನ್ಸರಿನ ಸಂಖ್ಯೆಯನ್ನೇ ಹೊಸದಕ್ಕೆ ನಕಲು ಮಾಡುವುದು.

ನಾವು 433ರ ಖಾಲಿ ಸೆನ್ಸರ್ ತರಿಸಿ ಮೂರನೆಯ ದಾರಿ ಹಿಡಿದೆವು. ಹಳೆಯವುಗಳ ಬೆನ್ನ ಮೇಲೆ ಅಚ್ಚಾಗಿದ್ದ ಸಂಖ್ಯೆಗಳನ್ನು ನಾನು ಚಕ್ರವಾರು ಬರೆದುಕೊಂಡೆ. ಅಂಗಡಿಯವರು ಅವನ್ನು ಹೊಸದಕ್ಕೆ ತುಂಬಿದರು. ಇಪ್ಪತ್ತು ನಿಮಿಷ ಓಡಿಸಿದ ಮೇಲೆ ದೀಪ ಆರಿತು.

"ಮಾಮ, ದೀಪ ಆರಿದ್ದು ಸಾಲದು, ಬೇಕಾದಾಗ ಹೊತ್ತುತ್ತದೆಯೇ ನೋಡೋಣ" ಎಂದೆ. ಕಾರಿಗೆ 32 ಪಿಎಸ್‌ಐ ಹೇಳಿದ್ದರು. ಅಮೆರಿಕದ ನಿಯಮದಂತೆ ಶೇ 25ರಷ್ಟು ಇಳಿದಾಗ, ಅಂದರೆ 24ಕ್ಕೆ, ದೀಪ ಎಚ್ಚರಿಸಬೇಕು. ಖಾಲಿ ಮೈದಾನದಲ್ಲಿ ಒಂದು ಟೈರಿನ ಗಾಳಿಯನ್ನು 22ಕ್ಕೆ ಇಳಿಸಿ ನಿಧಾನವಾಗಿ ಓಡಿಸಿದೆವು. ದೀಪ ಹೊತ್ತಿತು. ಕೂಡಲೇ ಗಾಳಿ ತುಂಬಿದೆವು.

ನಿಮಗೊಂದು ಲೆಕ್ಕ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 32 ಪಿಎಸ್‌ಐ ಇರುವ ಟೈರ್ ಓಡಿ 60 ಡಿಗ್ರಿಗೆ ಬಿಸಿಯಾದರೆ ಒತ್ತಡ ಎಷ್ಟು? ಗೇಜ್ ಓದಿಗೆ ವಾತಾವರಣದ 14.7 ಸೇರಿಸಿ, ಕೆಲ್ವಿನ್ ಅನುಪಾತದಿಂದ ಗುಣಿಸಿ, ಮತ್ತೆ 14.7 ಕಳೆಯಿರಿ. ಸುಮಾರು 36.6 ಬರುತ್ತದೆ. ಬಿಸಿ ಟೈರಿನಲ್ಲಿ 32 ಕಂಡರೆ, ತಣಿದಾಗ ಅದು ಕಡಿಮೆಯೇ. ಆದ್ದರಿಂದ ಗಾಳಿಯನ್ನು ಬೆಳಿಗ್ಗೆ, ಹೊರಡುವ ಮೊದಲು ನೋಡಿ. ಸೆನ್ಸರ್ ಇದ್ದರೂ ತಿಂಗಳಿಗೊಮ್ಮೆ ಗೇಜ್ ಹಿಡಿಯಿರಿ. ಮನೆಯ ಕಾರಿನಲ್ಲಿ ಆ ದೀಪ ಉರಿಯುತ್ತಿದ್ದರೆ, ಈ ವಾರವೇ ಅದು ಮಿನುಗುತ್ತದೆಯೋ ಇಲ್ಲವೋ ಗಮನಿಸಿ ಹಿರಿಯರಿಗೆ ಹೇಳಿ.