ಬಡಿಗತನದ ಹತ್ಯಾರಗಳೂ ಯಂತ್ರಗಳೂ: ಅವುಗಳನ್ನು ಅಪಾಯವಿಲ್ಲದೆ ಬಳಸುವ ಕ್ರಮ

(ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಗಳ ಜಮೀನುದಾರರಿಗೂ ಊರ ಗೌಡರಿಗೂ)

ಒಕ್ಕಲುತನಕ್ಕೆ ಎತ್ತು ಎಷ್ಟು ಅವಶ್ಯವೋ ಬಡಿಗನ ಕೈಯೂ ಅಷ್ಟೇ ಅವಶ್ಯ. ಟ್ರ್ಯಾಕ್ಟರು ಬಂದ ಮೇಲೆ ರಂಟೆಯ ಕೆಲಸವು ಕಡಿಮೆಯಾಗಿದ್ದರೂ ಎಡೆಕುಂಟೆ, ಕೂರಿಗೆ, ನೊಗ, ಚಕ್ಕಡಿ, ಬಾಗಿಲು, ತೊಲೆ ಇವುಗಳಿಗಾಗಿ ಪ್ರತಿಯೊಬ್ಬ ಒಕ್ಕಲಿಗನೂ ಇಂದಿಗೂ ಬಡಿಗನ ಕಮ್ಮಟಕ್ಕೆ ಹೋಗಲೇಬೇಕಾಗಿದೆ.

ಹಿಂದೆ ಆ ಕಮ್ಮಟದಲ್ಲಿ ಬಾಚಿ, ಉಳಿ, ಕೊಡತಿ, ಬೈರಿಗೆ, ಕೈಗರಗಸಗಳಿಷ್ಟೇ ಇರುತ್ತಿದ್ದವು. ಈಗ ವಿದ್ಯುತ್ತಿನ ಗರಗಸ, ರಂದಾ ಯಂತ್ರ, ಗ್ರೈಂಡರು, ಡ್ರಿಲ್ಲುಗಳು ಬಂದಿವೆ. ಇವುಗಳಿಂದ ಒಂದು ದಿನದ ಕೆಲಸವು ಒಂದು ತಾಸಿನಲ್ಲಿ ಮುಗಿಯುವದು ನಿಜ. ಆದರೆ ಬಾಚಿ ಜಾರಿದರೆ ಗಾಯವಾಗುವದು. ತಿರುಗುವ ಗರಗಸಕ್ಕೆ ಕೈ ಸಿಕ್ಕರೆ ಬೆರಳೇ ಹೋಗುವದು. ಹೆಬ್ಬೆರಳು ಕಳೆದುಕೊಂಡ ಬಡಿಗನು ಉಳಿಯನ್ನು ಬಿಗಿಯಾಗಿ ಹಿಡಿಯಲಾರನು. ಅವನ ಮನೆತನವು ಬಡತನಕ್ಕೆ ಬೀಳುವದಲ್ಲದೆ ಊರಿನ ಕೂರಿಗೆಗಳೂ ಬಿತ್ತನೆಯ ಹೊತ್ತಿಗೆ ಮೂಲೆ ಸೇರುವವು.

ಹೊಸದನ್ನು ಕಂಡು ಅಂಜುವದೂ ಸಲ್ಲದು, ಕಣ್ಣು ಮುಚ್ಚಿ ನಂಬುವದೂ ಸಲ್ಲದು. ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯನ್ನು ಹಾಕಿ, ಮುಂದೆ ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ಕಬ್ಬಿಣವು ಭೂಮಿಗೆ ವಿಷವಾದೀತೆಂದು ಮೊದಲು ಒಕ್ಕಲಿಗರು ಹಿಂಜರಿದರು. ಬಳಸಿ ನೋಡಿದ ಮೇಲೆ ಆ ಅಂಜಿಕೆ ಹೋಯಿತು. 1910ರಲ್ಲಿ ಔಂಧ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿಯು ನೆಲೆಗೊಂಡಿತು. ಯಂತ್ರದ ಗುಣವನ್ನೂ ದೋಷವನ್ನೂ ತಿಳಿದು ಬಳಸುವದೇ ಜಾಣತನವು.

1. ಕಟ್ಟಿಗೆಯ ವಿಷಯ

ಅಪಾಯದ ಮೊದಲನೆಯ ಕಾರಣವು ಅನೇಕ ವೇಳೆ ಜಮೀನುದಾರನು ತಂದುಕೊಟ್ಟ ಕಟ್ಟಿಗೆಯಲ್ಲಿಯೇ ಇರುತ್ತದೆ. ಎರೆಹೊಲದ ಬದುವಿನ ಜಾಲಿಯು ಗಾಲಿಗೂ ಕುಂಟೆಗೂ ಉತ್ತಮವಾದದ್ದು. ಆದರೆ ನಿನ್ನೆ ಕಡಿದದ್ದನ್ನು ಇಂದು ಕೊಯ್ಯಿಸಕೂಡದು. ಹಸಿ ಕಟ್ಟಿಗೆಯು ಕೊಯ್ಯುತ್ತಿರುವಾಗಲೇ ಬಿಗಿದುಕೊಂಡು ಗರಗಸವನ್ನು ಹಿಡಿಯುವದು. ಆಗ ತುಂಡು ಹಿಂದಕ್ಕೆ ಸಿಡಿದು ಬಡಿಗನ ಎದೆಗೋ ಹೊಟ್ಟೆಗೋ ಬಡಿಯುವದು. ಹಸಿಯಾಗಿ ಮಾಡಿದ ಗಾಲಿಯು ಬೇಸಗೆಯಲ್ಲಿ ಸಡಿಲಾಗುವದು ಬೇರೆ ನಷ್ಟ.

ಕಡಿದ ದಿಮ್ಮಿಯನ್ನು ಹಲಗೆಯಾಗಿ ಸೀಳಿಸುವದಿದ್ದರೆ ದೊಡ್ಡ ಗರಗಸದ ಕಾರಖಾನೆಗೆ ಒಯ್ಯಬೇಕು. ಹಲಗೆಗಳ ನಡುವೆ ಸಣ್ಣ ರಿಪುಗಳನ್ನಿಟ್ಟು, ನೆಲಕ್ಕೆ ತಾಗದಂತೆ ನೆರಳಿನಲ್ಲಿ ಪೇರಿಸಿ, ತುದಿಗಳಿಗೆ ಬಣ್ಣ ಅಥವಾ ಮೇಣವನ್ನು ಬಳಿಯಬೇಕು. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷವೆಂಬದು ಹಳೆಯ ಲೆಕ್ಕ. ಕಟ್ಟಿಗೆಯ ಜಾತಿಯನ್ನೂ ಹವೆಯನ್ನೂ ನೋಡಿ ಇದರಲ್ಲಿ ಹೆಚ್ಚು ಕಡಿಮೆ ಆಗುವದು.

ಬದುವಿನ ಗಿಡಗಳಿಗೆ ತಂತಿಬೇಲಿಯನ್ನು ಬಡಿದಿದ್ದ ಮೊಳೆಗಳು ತೊಗಟೆಯೊಳಗೆ ಹುದುಗಿರುವದುಂಟು. ಗರಗಸದ ಹಲ್ಲು ಮೊಳೆಗೆ ತಾಗಿದರೆ ಮುರಿದು ಗುಂಡಿನಂತೆ ಹಾರುವದು. ಕಟ್ಟಿಗೆಯನ್ನು ಕೊಡುವ ಮೊದಲು ಮೊಳೆ, ತಂತಿ, ಕಲ್ಲುಗಳನ್ನು ಹುಡುಕಿ ತೆಗೆಯುವದು ಕೊಡುವವನ ಕರ್ತವ್ಯ.

2. ಕೈಹತ್ಯಾರಗಳು

ಮೊಂಡ ಹತ್ಯಾರವೇ ಹೆಚ್ಚು ಅಪಾಯಕರವಾದದ್ದು. ಹರಿತವಾದ ಉಳಿಯು ಸ್ವಲ್ಪ ಬಲದಿಂದಲೇ ಕಟ್ಟಿಗೆಯೊಳಗೆ ಹೋಗುವದು. ಮೊಂಡ ಉಳಿಗೆ ಬಲವನ್ನು ಹಾಕಿದಾಗ ಅದು ಜಾರಿ ಕೈಗೆ ಬರುವದು. ಉಳಿಯ ಬಾಯನ್ನು 25 ಅಂಶದ ಕೋನದಲ್ಲಿ ಸಾಣೆ ಹಿಡಿದು, ತುದಿಯನ್ನು 30 ಅಂಶದಲ್ಲಿ ಎಣ್ಣೆಕಲ್ಲಿನ ಮೇಲೆ ಮಸೆಯುವದು ಸಾಮಾನ್ಯ ಕ್ರಮ. ಉಳಿಯನ್ನು ಬಳಸುವಾಗ ಎರಡೂ ಕೈಗಳು ಅದರ ಬಾಯಿಯ ಹಿಂದೆಯೇ ಇರಬೇಕು. ತುಂಡನ್ನು ಕೈಯಿಂದಲೂ ಕಾಲಿನಿಂದಲೂ ಹಿಡಿಯದೆ ಶಿಕಂಜೆಗೆ ಬಿಗಿಯಬೇಕು.

ಬಾಚಿ, ಕೊಡಲಿ, ಸುತ್ತಿಗೆಗಳ ಹಿಡಿಗಳು ಸಡಿಲಾಗಿದ್ದರೆ ಬೆಣೆ ಹೊಡೆದ ಹೊರತು ಕೆಲಸಕ್ಕೆ ತೆಗೆಯಕೂಡದು. ಕಬ್ಬಿಣದ ಉಳಿಯ ತಲೆಯು ಹೊಡೆತದಿಂದ ಅಣಬೆಯಂತೆ ಹರಡಿದ್ದರೆ ಅದನ್ನು ಅರದಿಂದ ಉಜ್ಜಿ ತೆಗೆಯಬೇಕು. ಇಲ್ಲವಾದರೆ ಚೂರು ಸಿಡಿದು ಕಣ್ಣಿಗೆ ಹೊಕ್ಕೀತು.

3. ವಿದ್ಯುತ್ತಿನ ಚಕ್ರಗರಗಸ

ಅಡ್ಡಗಲ 30 ಸೆಂಟಿಮೀಟರಿನ ಚಕ್ರವು ನಿಮಿಷಕ್ಕೆ 2,800 ಸುತ್ತು ತಿರುಗಿದರೆ ಅದರ ಹಲ್ಲುಗಳು ನಿಮಿಷಕ್ಕೆ ಸುಮಾರು 2,600 ಮೀಟರು ಓಡುತ್ತವೆ. ಅಂದರೆ ಒಂದು ಕ್ಷಣದಲ್ಲಿ ನಾಲ್ವತ್ತು ಮೀಟರಿಗೂ ಮಿಕ್ಕಿ ಹೋಗುವ ಹಲ್ಲಿನ ಮುಂದೆ ಮನುಷ್ಯನ ಚುರುಕುತನವು ನಡೆಯದು. ಆದುದರಿಂದ ಕೈಯು ಚಕ್ರದ ಹತ್ತಿರಕ್ಕೆ ಹೋಗದಂತೆ ಮೊದಲೇ ಏರ್ಪಾಟು ಇರಬೇಕು.

(ಅ) ಚಕ್ರದ ಮೇಲಿನ ಮುಚ್ಚಳವನ್ನು ಎಂದಿಗೂ ಬಿಚ್ಚಿಡಕೂಡದು.

(ಆ) ಚಕ್ರದ ಹಿಂಬದಿಗೆ ಸೀಳುಪಟ್ಟಿಯೆಂಬ ಉಕ್ಕಿನ ಹಲಗೆಯಿರುವದು. ಅದು ಕೊಯ್ದ ಸಂದು ಮುಚ್ಚಿಕೊಳ್ಳದಂತೆ ತಡೆದು, ತುಂಡು ಹಿಂದಕ್ಕೆ ಸಿಡಿಯುವದನ್ನು ತಪ್ಪಿಸುವದು. ಮೇಜಿನ ಮಟ್ಟದಲ್ಲಿ ಅದು ಹಲ್ಲುಗಳಿಂದ 8 ಮಿಲಿಮೀಟರಿಗಿಂತ ದೂರವಿರಬಾರದು.

(ಇ) ಉದ್ದಕ್ಕೆ ಸೀಳುವಾಗ ಆಧಾರಪಟ್ಟಿಗೆ ತುಂಡನ್ನು ಒತ್ತಿಯೇ ನಡೆಸಬೇಕು. ಬರಿಗೈ ಅಂದಾಜಿನಿಂದ ಕೊಯ್ಯಕೂಡದು.

(ಈ) ಕೊಯ್ತದ ಕೊನೆಯ ಒಂದು ಅಡಿಯನ್ನು ಒಂದೂವರೆ ಅಡಿ ಉದ್ದದ, ತುದಿಗೆ ಕಚ್ಚು ಮಾಡಿದ ತಳ್ಳುಗೋಲಿನಿಂದಲೇ ತಳ್ಳಬೇಕು. ಇದನ್ನು ಒಡೆದ ಹಲಗೆಯಿಂದ ಮಾಡಿಕೊಳ್ಳಬಹುದು. ಖರ್ಚು ಏನೂ ಇಲ್ಲ.

(ಉ) ಚಕ್ರದ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು. ಸಿಪ್ಪೆಯನ್ನಾಗಲಿ ತುಂಡನ್ನಾಗಲಿ ತೆಗೆಯುವದಿದ್ದರೆ ಯಂತ್ರವನ್ನು ಆರಿಸಿ, ಚಕ್ರವು ಪೂರ್ಣ ನಿಂತ ಮೇಲೆಯೇ ಕೈಯಿಕ್ಕಬೇಕು. ಸ್ವಿಚ್ಚು ಆರಿಸಿದ ಮೇಲೂ ಚಕ್ರವು ಕೆಲಹೊತ್ತು ತಿರುಗುತ್ತಿರುವದೆಂಬದನ್ನು ಮರೆಯಬಾರದು.

4. ಗ್ರೈಂಡರಿಗೆ ಕಟ್ಟಿಗೆಯ ಚಕ್ರವನ್ನು ಹಾಕಕೂಡದು

ಕಬ್ಬಿಣವನ್ನು ಉಜ್ಜುವ ಕೈಗ್ರೈಂಡರಿಗೆ ಹಲ್ಲಿನ ಚಕ್ರವನ್ನು ಸಿಕ್ಕಿಸಿ ಕಟ್ಟಿಗೆಯನ್ನು ಕೊಯ್ಯುವ ರೂಢಿಯು ಅತ್ಯಂತ ಅಪಾಯಕರವಾದದ್ದು. ನಾಲ್ಕು ಅಂಗುಲದ ಗ್ರೈಂಡರು ನಿಮಿಷಕ್ಕೆ ಹನ್ನೊಂದು ಸಾವಿರದಷ್ಟು ಸುತ್ತು ತಿರುಗುವದು. ಹಲ್ಲು ಕಟ್ಟಿಗೆಯ ಗಂಟಿಗೆ ಸಿಕ್ಕಿಕೊಂಡರೆ ಯಂತ್ರವೇ ಕೈಯಿಂದ ಕಿತ್ತು ಹಿಡಿದವನ ಮೋರೆಗೋ ತೊಡೆಗೋ ಎಗರುವದು. ಕಟ್ಟಿಗೆಗೆ ಕಟ್ಟಿಗೆಯ ಗರಗಸವೇ ಬೇಕು. ಉಜ್ಜುವ ಚಕ್ರದ ಮೇಲೆ ಬರೆದ ಸುತ್ತಿನ ಸಂಖ್ಯೆಯು ಯಂತ್ರದ ಸುತ್ತಿಗಿಂತ ಕಡಿಮೆ ಇರಕೂಡದು.

5. ವಿದ್ಯುತ್ತು

ಬೆತ್ತಲೆ ತಂತಿಯನ್ನು ಗೂಡಿಗೆ ಚುಚ್ಚಿ ಯಂತ್ರವನ್ನು ನಡೆಸುವದು ಸಾವನ್ನು ಕರೆದಂತೆ. ಮೂರು ಕಡ್ಡಿಯ ಪ್ಲಗ್ಗು, ಸರಿಯಾದ ಅರ್ಥಿಂಗು, 30 ಮಿಲಿಆಂಪಿಯರಿನ ಸೋರಿಕೆ ತಡೆಯುವ ಸ್ವಿಚ್ಚು ಇವು ಮೂರೂ ಇರಬೇಕು. ಮಳೆಗಾಲದಲ್ಲಿ ಹಸಿ ನೆಲದ ಮೇಲೆ ಬರಿಗಾಲಿನಿಂದ ನಿಂತು ಯಂತ್ರವನ್ನು ಹಿಡಿಯಕೂಡದು.

ಕರೆಂಟು ಹೋದ ಕೂಡಲೆ ಸ್ವಿಚ್ಚನ್ನು ಆರಿಸುವದು ನಿತ್ಯದ ರೂಢಿಯಾಗಬೇಕು. ಹಾಗೆಯೇ ಬಿಟ್ಟು ಚಕ್ರದ ಸಿಪ್ಪೆಯನ್ನು ಬಿಡಿಸುತ್ತಿರುವಾಗ ಕರೆಂಟು ಬಂದರೆ ಬೆರಳುಗಳು ಉಳಿಯವು. ಕರೆಂಟು ಮರಳಿ ಬಂದರೂ ತಾನಾಗಿ ಚಾಲೂ ಆಗದ ಸ್ಟಾರ್ಟರನ್ನು ಹಾಕಿಸುವದು ಎಲ್ಲಕ್ಕೂ ಲೇಸು.

6. ಉಡುಪು, ಧೂಳು, ಸದ್ದು

ತಿರುಗುವ ಯಂತ್ರದ ಬಳಿಯಲ್ಲಿ ಧೋತರದ ಚುಂಗು, ಹೆಗಲ ವಸ್ತ್ರ, ಸಡಿಲ ತೋಳು, ಉಂಗುರ, ಕಡಗ ಇವು ಇರಕೂಡದು. ಕೈಚೀಲವನ್ನೂ ಹಾಕಬಾರದು, ಚಕ್ರವು ಚೀಲವನ್ನು ಹಿಡಿದರೆ ಅದರೊಡನೆ ಕೈಯನ್ನೂ ಎಳೆಯುವದು. ಕಣ್ಣಿಗೆ ಕನ್ನಡಕವು ಅವಶ್ಯ.

ಕಟ್ಟಿಗೆಯ ಧೂಳು ನಿರುಪದ್ರವಿಯಲ್ಲ. ಅದು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡತಕ್ಕದ್ದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಪ್ರಕಟಿಸಿತು. ಧೂಳು ಹೊರಗೆ ಹೋಗುವಂತೆ ಗಾಳಿಯಾಡುವ ಚಪ್ಪರ, ಮೂಗಿಗೆ ಮುಸುಕು, ದಿನದ ಕೊನೆಗೆ ನೀರು ಚಿಮುಕಿಸಿ ಗುಡಿಸುವದು ಇವು ಬೇಕು. ರಾಶಿಬಿದ್ದ ಹೊಟ್ಟಿನ ಬಳಿ ಬೀಡಿ ಸೇದಕೂಡದು. ಯಂತ್ರದ ಸದ್ದಿನಿಂದ ಕಿವಿಯು ಮೆಲ್ಲಗೆ ಕೆಡುವದು. ಒಮ್ಮೆ ಹೋದ ಕೇಳ್ಮೆಯು ಮರಳಿ ಬಾರದು. ಕಿವಿಗೆ ಬಿರಡೆಯನ್ನಿಡಬೇಕು.

7. ಗಾಯವಾದರೆ

ಸ್ವಚ್ಛವಾದ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿದು, ಕೈಯನ್ನು ಎದೆಗಿಂತ ಮೇಲಕ್ಕೆ ಎತ್ತಬೇಕು. ಅರಿಶಿಣ, ಕಾಫಿಪುಡಿ, ಸುಣ್ಣ, ಹೊಟ್ಟು ಯಾವದನ್ನೂ ತುಂಬಕೂಡದು. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ನೀರು ಹೊಗದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಆ ಚೀಲವನ್ನು ಬರ್ಫದ ನೀರಿನಲ್ಲಿಡಬೇಕು. ಬೆರಳಿಗೆ ಬರ್ಫವು ನೇರವಾಗಿ ತಾಗಕೂಡದು. ಒಡನೆಯೇ 108ಕ್ಕೆ ಫೋನು ಮಾಡಿ, ಬೆರಳು ಜೋಡಿಸುವ ಸೌಕರ್ಯವಿರುವ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಧನುರ್ವಾತದ ಚುಚ್ಚುಮದ್ದಿನ ವಿಷಯವನ್ನು ವೈದ್ಯರಿಗೆ ನೆನಪು ಮಾಡಬೇಕು.

8. ಜಮೀನುದಾರರೂ ಊರ ಹಿರಿಯರೂ ಮಾಡತಕ್ಕದ್ದು

ಅವಸರವೇ ಬೆರಳನ್ನು ಕಡಿಯುವದು. ರೋಹಿಣಿ ಮಳೆ ಬಿದ್ದ ಮರುದಿನವೇ ಊರಿನವರೆಲ್ಲರೂ ಕೂರಿಗೆ ಕುಂಟೆಗಳನ್ನು ತಂದು ಬಡಿಗನ ಬಾಗಿಲಲ್ಲಿ ಒಟ್ಟಿದರೆ, ಅವನು ರಾತ್ರಿಯೆಲ್ಲ ಮಂದ ಬೆಳಕಿನಲ್ಲಿ ದಣಿದ ಕೈಯಿಂದ ಯಂತ್ರವನ್ನು ನಡೆಸಬೇಕಾಗುವದು. ಮುಂಗಾರಿಯ ಸಾಮಾನುಗಳನ್ನು ಯುಗಾದಿಯೊಳಗೆ, ಹಿಂಗಾರಿಯವನ್ನು ನಾಗರಪಂಚಮಿಯೊಳಗೆ ಕೊಟ್ಟರೆ ಕೆಲಸವೂ ಗಟ್ಟಿ, ಬಡಿಗನ ಕೈಯೂ ಕ್ಷೇಮ. ಕೆಲಸ ನಡೆದಾಗ ಹಿಂದೆ ನಿಂತು ಮಾತನಾಡಿಸುವದೂ, ಮಕ್ಕಳನ್ನು ಕಮ್ಮಟದೊಳಗೆ ಬಿಡುವದೂ ಸಲ್ಲದು.

2023ರ ಸೆಪ್ಟೆಂಬರ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸಬುಗಳಲ್ಲಿ ಬಡಿಗತನವೂ ಒಂದು. ಅದರಲ್ಲಿ ತರಬೇತಿಯ ಕಾಲಕ್ಕೆ ದಿನಕ್ಕೆ 500 ರೂಪಾಯಿ ಭತ್ಯೆ, ಹತ್ಯಾರಗಳಿಗಾಗಿ 15,000 ರೂಪಾಯಿಯವರೆಗೆ ನೆರವು, ನೂರಕ್ಕೆ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಬಳಿಕ ಎರಡು ಲಕ್ಷ ರೂಪಾಯಿಗಳ ಸಾಲ ಇವುಗಳನ್ನು ಗೊತ್ತುಪಡಿಸಲಾಗಿದೆ. ಅರ್ಜಿಯ ಮೊದಲನೆಯ ಪರಿಶೀಲನೆಯು ಗ್ರಾಮ ಪಂಚಾಯತಿಯಲ್ಲಿಯೇ ಆಗುವದರಿಂದ, ಯೋಗ್ಯನಾದ ಬಡಿಗನ ಅರ್ಜಿಯು ತಡೆಯದಂತೆ ನೋಡುವದು ಹಿರಿಯರ ಕೈಯಲ್ಲಿದೆ. ಹಣವು ಬಂದಾಗ ಎರಡನೆಯ ಯಂತ್ರವನ್ನು ಕೊಳ್ಳುವ ಮೊದಲು ಇದ್ದ ಯಂತ್ರಕ್ಕೆ ಮುಚ್ಚಳ, ಸೀಳುಪಟ್ಟಿ, ಅರ್ಥಿಂಗುಗಳನ್ನು ಮಾಡಿಸುವಂತೆ ಬುದ್ಧಿ ಹೇಳತಕ್ಕದ್ದು.

ನೆನಪಿಡತಕ್ಕ ಮಾತುಗಳು

ಒಣಗಿದ, ಮೊಳೆಯಿಲ್ಲದ ಕಟ್ಟಿಗೆಯನ್ನೇ ಕೊಡಿರಿ. ಹತ್ಯಾರವನ್ನು ಹರಿತವಾಗಿಡಿಸಿರಿ. ಮುಚ್ಚಳವಿಲ್ಲದ ಗರಗಸದಲ್ಲಿ ನಿಮ್ಮ ಕೆಲಸವನ್ನು ಮಾಡಿಸಬೇಡಿರಿ. ಕರೆಂಟು ಹೋದರೆ ಸ್ವಿಚ್ಚನ್ನು ಆರಿಸಲು ಹೇಳಿರಿ. ಬಿತ್ತನೆಗೆ ಎರಡು ತಿಂಗಳ ಮೊದಲೇ ಸಾಮಾನುಗಳನ್ನು ಒಪ್ಪಿಸಿರಿ. ಇಷ್ಟು ನಡೆದರೆ ಊರಿನ ಬಡಿಗನ ಹತ್ತೂ ಬೆರಳುಗಳು ಊರಿನ ಕೆಲಸಕ್ಕೆ ಉಳಿಯುವವು.